ನಕಾಶೆ ಕಂಡ ದಾರಿ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ನೀರಾವರಿ ಸೀಮೆಯನ್ನು ಆಕಾಶದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗೆರೆಗಳು. ತುಂಗಾ ಚಾನಲ್, ಭದ್ರಾ ಚಾನಲ್, ಅವುಗಳಿಂದ ಒಡೆದ ಕವಲುಗಳು, ಒಂದೊಂದು ಕವಲಿನ ಪಕ್ಕದಲ್ಲೂ ಒಂದೊಂದು ಏರಿ. ಗೋವಿನಕೋವಿಯ ಆಸುಪಾಸಿನಲ್ಲಿ ಗದ್ದೆ, ಅಡಿಕೆ ತೋಟ, ಮೆಕ್ಕೆಜೋಳದ ಹೊಲಗಳ ನಡುವೆ ಇಂಥ ಗೆರೆಗಳಿಗೆ ಲೆಕ್ಕವಿಲ್ಲ. ಉಪಗ್ರಹದ ಚಿತ್ರದಲ್ಲಿ ಚಾನಲ್ ಏರಿಗೂ ಊರಿನ ರಸ್ತೆಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡೂ ಬಿಳಿಯಾಗಿ ನೀಳವಾಗಿ ಹೋಗುತ್ತವೆ. ಏರಿಯೇ ಇನ್ನಷ್ಟು ನೇರ.

ಮೊಬೈಲ್ ಫೋನನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಶಿವಮೊಗ್ಗದ ಕಡೆಯಿಂದ ಬರುವ ಸೈಕಲ್ ಪ್ರವಾಸಿಗೆ ಇದು ಮೊದಲ ಬಲೆ. ಹೆದ್ದಾರಿಯ ಲಾರಿ, ಬಸ್ಸುಗಳ ಕಾಟ ಬೇಡವೆಂದು ಒಳದಾರಿ ಕೇಳಿದರೆ ಫೋನು ನೇರವಾದ ಗೆರೆಯನ್ನೇ ತೋರಿಸುತ್ತದೆ. ಬೇಸಿಗೆಯಲ್ಲಾದರೆ ದೂಳು ಕುಡಿದು ಹೇಗೋ ದಾಟಬಹುದು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಟ್ಟಿಕೊಂಡು ಸೈಕಲ್ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಮುಂದೆ ತೂಬಿನ ಹತ್ತಿರ ಏರಿ ಕಡಿದಿರಬಹುದು, ತೋಟದ ಬೇಲಿಯೇ ಅಡ್ಡ ಬರಬಹುದು. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿ, ‘ಈ ದಾರಿ ಹೋಗಲ್ಲ ಸಾರ್, ಮುಂದೆ ಹಳ್ಳ ಐತಿ’ ಎನ್ನುತ್ತಾರೆ. ಫೋನು ಮಾತ್ರ ಮುಂದಕ್ಕೆ ಹೋಗಿ ಎನ್ನುತ್ತಲೇ ಇರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಸವಾರ ನಿಂತಿರುವುದು ಎಲ್ಲಿ ಎಂಬುದನ್ನು ಫೋನು ತಪ್ಪಾಗಿ ಹೇಳಿಲ್ಲ. ಬಯಲಿನಲ್ಲಾದರೆ ಐದಾರು ಮೀಟರುಗಳ ಒಳಗೆ ಅದು ಸರಿಯಾಗಿಯೇ ಇರುತ್ತದೆ. ಅದು ಅರಿಯದಿರುವುದು ಕಾಲ ಕೆಳಗಿನ ದಾರಿ ಎಂಥದು ಎಂಬುದನ್ನು. ಜಾಗ ಎಲ್ಲಿದೆ ಎಂಬ ತಿಳಿವಳಿಕೆ ಬೇರೆ, ಆ ಜಾಗ ಹೇಗಿದೆ ಎಂಬ ತಿಳಿವಳಿಕೆ ಬೇರೆ. ಕರ್ನಾಟಕದ ನಕ್ಷೆಯ ಚರಿತ್ರೆಯಲ್ಲಿ ಈ ಎರಡು ತಿಳಿವಳಿಕೆಗಳು ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ, ಇಬ್ಬರು ಬೇರೆ ಬೇರೆ ಮನುಷ್ಯರ ಕೈಯಲ್ಲಿ ಆರಂಭವಾದವು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ. ಈಸ್ಟ್ ಇಂಡಿಯಾ ಕಂಪನಿಯ ಕೈಗೆ ರಾಜ್ಯವೇನೋ ಬಂತು. ಅದರೊಳಗಿನ ದಾರಿ ಗೊತ್ತಿರಲಿಲ್ಲ. ಚನ್ನಗಿರಿಯವನಾದ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಿದನೂರು ಸೀಮೆಯಲ್ಲಿ ಪಡೆ ಕಟ್ಟಿದ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಅವನ ಬೆನ್ನುಹತ್ತಿ 1800ರ ಜೂನಿನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಅದೇ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನ ಬಳಿ ಧೋಂಡಿಯ ಸತ್ತ. ನೆಲ ಬಲ್ಲವನೊಬ್ಬನನ್ನು ಹಿಡಿಯುವುದಕ್ಕೆ ನೆಲ ಅರಿಯದ ದೊಡ್ಡ ಸೈನ್ಯವೊಂದು ತಿಂಗಳುಗಟ್ಟಲೆ ಅಲೆಯಬೇಕಾಯಿತು. ನಕ್ಷೆ ಬೇಕೆಂಬ ಆತುರ ಕಂಪನಿಗೆ ಹುಟ್ಟಿದ್ದು ಜ್ಞಾನದಾಹದಿಂದ ಮಾತ್ರವಲ್ಲ.

ಆ ಆತುರದಲ್ಲಿ ಕೆಲಸಕ್ಕೆ ಇಳಿದವರು ವಿಲಿಯಂ ಲ್ಯಾಂಬ್ಟನ್ ಮತ್ತು ಕಾಲಿನ್ ಮೆಕೆಂಜಿ. ಲ್ಯಾಂಬ್ಟನ್ನನಿಗೆ ಊರುಗಳು ಅಷ್ಟಾಗಿ ಬೇಕಿರಲಿಲ್ಲ, ಬಿಂದುಗಳು ಬೇಕಿದ್ದವು. 1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಹಾಸಿ ಅವನು ಮೊದಲ ತಳರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮತ್ತೊಂದು. ಅಲ್ಲಿಂದ ಬೆಟ್ಟದ ತುದಿಗೆ ಬೆಟ್ಟದ ತುದಿಯನ್ನು ಜೋಡಿಸಿ ತ್ರಿಕೋನಗಳನ್ನು ಕಟ್ಟುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಮತ್ತೆ ನೆಲದ ಮೇಲೆ ಅಳೆದು ತಾಳೆ ನೋಡಲಾಯಿತು. ಸುಮಾರು 7 ಮೈಲಿ ಉದ್ದದ ಆ ರೇಖೆಯಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ಅಂತರ ನಾಲ್ಕು ಅಂಗುಲಕ್ಕೂ ಕಡಿಮೆ! ಇಂದು ಉಪಗ್ರಹಗಳು ಮಾಡುವ ಕೆಲಸದ ಹಿರಿಯಜ್ಜ ಈ ಲೆಕ್ಕ. ಹೆಸರಾಂತ ‘ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ’ ಹೊರಟದ್ದು ಇಲ್ಲಿಂದಲೇ.

ಮೆಕೆಂಜಿಯ ದಾರಿ ಬೇರೆ. ಸ್ಕಾಟ್ಲೆಂಡಿನ ದ್ವೀಪವೊಂದರಿಂದ ಬಂದ ಈ ಎಂಜಿನಿಯರನಿಗೆ ಮೈಸೂರು ಸೀಮೆಯ ಸರ್ವೆ ಒಪ್ಪಿಸಿದ ಮೇಲೆ ಅವನ ತಂಡ ಹತ್ತಿರಹತ್ತಿರ ಹತ್ತು ವರ್ಷ ಊರೂರು ತಿರುಗಿತು. ಸುಮಾರು 40,000 ಚದರ ಮೈಲಿ. ಥಿಯೊಡೊಲೈಟ್, ಸರಪಳಿಗಳ ಜೊತೆಗೆ ಅವರ ಕೈಯಲ್ಲಿದ್ದ ಇನ್ನೊಂದು ಉಪಕರಣ ಪೆರಾಂಬುಲೇಟರ್, ಅಂದರೆ ಅಳತೆಗಾಲಿ. ಹಿಡಿಕೆಯುಳ್ಳ ಒಂಟಿ ಚಕ್ರ. ಅದನ್ನು ದಾರಿಯ ಮೇಲೆ ಉರುಳಿಸಿಕೊಂಡು ನಡೆದರೆ ಎಷ್ಟು ಸುತ್ತು ಉರುಳಿತೆಂದು ಮುಳ್ಳು ತೋರಿಸುತ್ತಿತ್ತು. ಸೈಕಲ್ ಹುಟ್ಟುವುದಕ್ಕೆ ಎಷ್ಟೋ ಮೊದಲು ಕನ್ನಡ ನಾಡಿನ ದಾರಿಗಳನ್ನು ಒಂದು ಚಕ್ರ ಹೀಗೆ ಅಳೆದಿತ್ತು. ಮೆಕೆಂಜಿಯ ಕಡತಗಳಲ್ಲಿ ಊರಿನ ಪಟ್ಟಿ, ಕೆರೆ, ಕೋಟೆ, ಬೆಳೆ, ಜನ, ಶಾಸನ ಎಲ್ಲವೂ ಸೇರಿದವು. ಅದನ್ನೆಲ್ಲ ಒಬ್ಬ ಪರದೇಶಿ ತಾನೇ ತಿಳಿದುಕೊಂಡನೆಂದಲ್ಲ. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದವರು ಊರಿನ ಹಿರಿಯರನ್ನು ಮಾತನಾಡಿಸಿ ಬರೆದುಕೊಂಡರು. ‘ರಾಜಾವಳಿ ಕಥೆ’ಯ ದೇವಚಂದ್ರನಂಥ ಕನ್ನಡ ವಿದ್ವಾಂಸರೂ ಮೆಕೆಂಜಿಗೆ ನೆರವಾದರು. ಕೇಳಿ ತಿಳಿದು ಮಾಡಿದ ನಕ್ಷೆ ಅದು. ಲ್ಯಾಂಬ್ಟನ್ನನದು ನೋಡಿ ಲೆಕ್ಕ ಹಾಕಿದ ನಕ್ಷೆ. ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಆದರೂ ಮುಂದಿನ ಕಾಲ ಗೌರವಿಸಿದ್ದು ಲ್ಯಾಂಬ್ಟನ್ನನ ಬಗೆಯನ್ನೇ ಎನ್ನಬೇಕು.

ಹಾಗಾದರೆ ಈ ಇಬ್ಬರೂ ಬರುವುದಕ್ಕೆ ಮುಂಚೆ ಜನ ದಾರಿ ಹೇಗೆ ಹಿಡಿಯುತ್ತಿದ್ದರು? ಕಾಗದದ ಮೇಲೆ ನಕ್ಷೆ ಇರಲಿಲ್ಲವೇ ಹೊರತು ದಾರಿಯ ಅರಿವಿಗೆ ಬಡತನವಿರಲಿಲ್ಲ. ಗೋವಿನಕೋವಿಯ ಸೀಮೆಯಲ್ಲೇ, ಇಂದಿನ ನ್ಯಾಮತಿ ತಾಲ್ಲೂಕಿನಲ್ಲಿ, ಸೂರಗೊಂಡನಕೊಪ್ಪವಿದೆ. ಲಂಬಾಣಿಗರ ಆರಾಧ್ಯ ಗುರು ಸಂತ ಸೇವಾಲಾಲರ ಜನ್ಮಸ್ಥಳ. ರೈಲು, ಲಾರಿ ಬರುವ ಮೊದಲು ದಕ್ಷಿಣದ ಧಾನ್ಯ, ಉಪ್ಪುಗಳನ್ನು ಹೇರೆತ್ತುಗಳ ಮೇಲೆ ಸಾಗಿಸುತ್ತಿದ್ದ ಜನ ಈ ಬಂಜಾರರು. 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದ್ದೂ ಅವರೇ. ನೂರಾರು ಎತ್ತುಗಳ ಹಿಂಡನ್ನು ನಡೆಸುವವನಿಗೆ ಹತ್ತಿರದ ದಾರಿ ಯಾವುದು ಎಂಬುದಕ್ಕಿಂತ ಯಾವ ತಿಂಗಳಲ್ಲಿ ಯಾವ ಹಳ್ಳದಲ್ಲಿ ನೀರಿದೆ, ಎಲ್ಲಿ ಮೇವಿದೆ, ಯಾವ ಕಡವು ದಾಟಬಹುದು ಎಂಬುದೇ ಮುಖ್ಯ. ಈ ತಿಳಿವಳಿಕೆ ಋತುವಿಗೆ ತಕ್ಕಂತೆ ಬದಲಾಗುವಂಥದು. ಅಚ್ಚಾದ ನಕ್ಷೆಗೆ ಮಾತ್ರವಲ್ಲ, ಫೋನಿನ ನಕ್ಷೆಗೂ ಅದು ಇನ್ನೂ ಪೂರ್ತಿ ಒಲಿದಿಲ್ಲ.

ಊರಿನ ಒಳಗೆ ಈ ಕೆಲಸಕ್ಕೆ ತಳವಾರನಿದ್ದ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ‘ಐದನೆಯ ವರದಿ’ ದಕ್ಷಿಣದ ಹಳ್ಳಿಯ ಆಯಗಾರರನ್ನು ವಿವರಿಸುವಾಗ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಪ್ರಯಾಣಿಕರ ಜೊತೆಗೆ ಹೋಗಿ ಅವರನ್ನು ಕಾಯುವುದೂ ತಳವಾರನ ಕರ್ತವ್ಯವೆಂದು ಹೇಳುತ್ತದೆ. ದಾರಿ ತೋರಿಸುವುದು ಒಬ್ಬ ಮನುಷ್ಯನ ಹೊಣೆಯಾಗಿತ್ತು. ಆ ಊರಿನ ಗಡಿ ಮುಗಿದಲ್ಲಿ ಮುಂದಿನ ಊರಿನವನ ಹೊಣೆ. ಇದನ್ನು ಕೇಳಿ ಹಳೆಯ ಕಾಲ ಬಲು ಚೆನ್ನಾಗಿತ್ತೆಂದು ಮರುಗಬೇಕಾಗಿಲ್ಲ. ಸರ್ಕಾರಿ ಸವಾರಿ ಬಂದಾಗ ಮಳೆಯೋ ರಾತ್ರಿಯೋ ನೋಡದೆ ಮುಂದೆ ನಡೆಯಬೇಕಾಗಿದ್ದವನಿಗೆ ಅದು ಬಿಟ್ಟಿ ಚಾಕರಿಯೂ ಆಗಿತ್ತು. ವಂಶಪಾರಂಪರ್ಯದ ಈ ಹುದ್ದೆಗಳನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಅವುಗಳೊಂದಿಗೆ ದಾರಿಗೆ ಹೊಣೆಗಾರರೂ ಇಲ್ಲವಾದರೆಂಬುದೂ ನಿಜ.

ಕವಲು ಕೂಡುವ ಕಡೆ ಕೈ ಚಾಚಿ ನಿಂತ ಕಂಬಕ್ಕೆ ಕನ್ನಡದಲ್ಲಿ ‘ಕೈಮರ’ವೆಂಬ ಚೆಂದದ ಹೆಸರಿದೆ. ಚಿಕ್ಕಮಗಳೂರಿನ ಬಳಿಯ ಕೈಮರದಂತೆ ಅಂಥ ಕೂಡುರಸ್ತೆಗಳೇ ಊರುಗಳಾಗಿ ಆ ಹೆಸರನ್ನು ಉಳಿಸಿಕೊಂಡಿವೆ. ದೂರವನ್ನು ಕೂಗಳತೆ, ಹರದಾರಿ, ಗಾವುದಗಳಲ್ಲಿ ಹೇಳುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ ಎಂದು ಪುಸ್ತಕಗಳು ಹೇಳುತ್ತವೆ. ಏರು ದಾರಿಯಲ್ಲಿ ನಡೆಯುವವನ ಹರದಾರಿ ಬೇಗ ಮುಗಿಯುತ್ತಿರಲಿಲ್ಲವೆನ್ನುವುದು ಬೇರೆ ಮಾತು.

ಮೆಕೆಂಜಿಯ ಅಳತೆಗಾಲಿಗೆ ಅದಾಗಲೇ ನೂರಾರು ವರ್ಷದ ಇತಿಹಾಸವಿತ್ತು. 1675ರಲ್ಲಿ ಲಂಡನ್ನಿನ ಜಾನ್ ಓಗಿಲ್ಬಿ ‘ಬ್ರಿಟಾನಿಯಾ’ ಎಂಬ ರಸ್ತೆಗಳ ಪುಸ್ತಕವನ್ನು ಹೊರತಂದಿದ್ದ. ಇಂಥದೇ ಗಾಲಿಯಿಂದ ಅಳೆದ ರಸ್ತೆಗಳನ್ನು ಉದ್ದನೆಯ ಪಟ್ಟಿಗಳಂತೆ ಬಿಡಿಸಿ, ಎಲ್ಲಿ ಗುಡ್ಡ ಹತ್ತಬೇಕು, ಎಲ್ಲಿ ಇಳಿಯಬೇಕು, ಸೇತುವೆ ಕಲ್ಲಿನದೋ ಮರದ್ದೋ ಎಂಬುದನ್ನೆಲ್ಲ ಗುರುತು ಹಾಕಿದ್ದ. ಇನ್ನೂರು ವರ್ಷಗಳ ಬಳಿಕ ಇಂಥ ಮಾಹಿತಿಗೆ ಹಸಿದು ಬಂದ ಜನವೆಂದರೆ ಸೈಕಲ್ ಸವಾರರು. ಕುದುರೆಗಾಡಿಯವನಿಗೆ ಏರು ಇಳಿಜಾರಿನ ಚಿಂತೆ ಕುದುರೆಯದು. ಸೈಕಲ್ಲಿನವನಿಗೆ ತನ್ನ ಮೊಣಕಾಲಿನದು. 1878ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘ ಅಪಾಯಕಾರಿ ಇಳಿಜಾರುಗಳಲ್ಲಿ ತಾನೇ ಎಚ್ಚರಿಕೆಯ ಫಲಕಗಳನ್ನು ನಿಲ್ಲಿಸಿತು. ಎಡಿನ್‌ಬರೋದ ಬಾರ್ಥೊಲೊಮ್ಯೂ ಕಂಪನಿಯ ನಕ್ಷೆಗಳನ್ನು ಆ ಸಂಘದ ಸದಸ್ಯರು ತಾವು ಓಡಾಡಿದ ರಸ್ತೆಗಳಿಗೆ ಹೋಲಿಸಿ ತಿದ್ದಿ ಕಳುಹಿಸುತ್ತಿದ್ದರು. ಕಂಪನಿಗೆ ಪುಕ್ಕಟೆ ಸರ್ವೆ, ಸವಾರರಿಗೆ ನಂಬಬಹುದಾದ ನಕ್ಷೆ. ಮೋಟಾರು ಕಾರಿನವರು ಬಂದು ಸೇರಿದ್ದು ಇವರು ಹದ ಮಾಡಿದ ಹೊಲಕ್ಕೆ.

ಮೈಸೂರು ಸಂಸ್ಥಾನದಲ್ಲಿ ನಡೆದದ್ದು ಇನ್ನೊಂದು ಬಗೆ. 1863ರಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾಗಿ ಒಂದೊಂದೂ ಹಳ್ಳಿಗೆ ಗ್ರಾಮನಕ್ಷೆ ತಯಾರಾಯಿತು. ಸರ್ವೆ ನಂಬರು, ಹಳ್ಳ, ಕೆರೆ, ಕರಾಬು, ಬಂಡಿದಾರಿ, ಕಾಲುದಾರಿ ಎಲ್ಲಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಇಲ್ಲಿಂದ ಬಂದ ನುಡಿಗಟ್ಟು ‘ನಕಾಶೆ ಕಂಡ ದಾರಿ’. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾವ ರೈತನಿಗೂ ಈ ಮಾತು ಹೊಸದಲ್ಲ. ನಕಾಶೆಯಲ್ಲಿ ದಾರಿಯಿದೆ, ನೆಲದ ಮೇಲಿಲ್ಲ. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲಿನಂತೆ ಉಳುತ್ತ ಬಂದು ಅದನ್ನು ನುಂಗಿರುತ್ತಾರೆ. ಇನ್ನು ಕೆಲವೆಡೆ ನೆಲದ ಮೇಲೆ ತಲೆಮಾರುಗಳಿಂದ ಜನ ಓಡಾಡುವ ದಾರಿಯಿದೆ, ನಕಾಶೆಯಲ್ಲಿ ಇಲ್ಲ. ಬಿತ್ತನೆಗೆ ಟ್ರ್ಯಾಕ್ಟರ್ ಬರಬೇಕಾದಾಗ, ಫಸಲು ಹೊರಗೆ ಸಾಗಿಸಬೇಕಾದಾಗ ಜಗಳವೇಳುವುದು ಈ ಎರಡರ ನಡುವಿನ ಅಂತರದಲ್ಲಿಯೇ. ನಕ್ಷೆಗೂ ನೆಲಕ್ಕೂ ಹೊಂದಿಕೆ ಇಲ್ಲದಿರುವುದು ಕಂಪ್ಯೂಟರು ತಂದ ರೋಗವಲ್ಲವೆಂದು ಹೇಳಲು ಇಷ್ಟು ಸಾಕು.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೊಪೊಶೀಟುಗಳು ಈ ವಿಷಯದಲ್ಲಿ ಪ್ರಾಮಾಣಿಕವಾಗಿದ್ದವು. ಜಲ್ಲಿ ಹಾಕಿದ ರಸ್ತೆಗೆ ಒಂದು ಗುರುತು, ಮಣ್ಣಿನ ರಸ್ತೆಗೆ ಒಂದು, ಬಂಡಿ ಜಾಡಿಗೆ ಒಂದು, ಹೇರೆತ್ತಿನ ದಾರಿಗೆ ಒಂದು, ಕಾಲುದಾರಿಗೆ ಇನ್ನೊಂದು. ಒಣಹಳ್ಳಕ್ಕೂ ಸದಾ ಹರಿಯುವ ತೊರೆಗೂ ಬೇರೆ ಬೇರೆ ಬಣ್ಣ. ಆದರೆ ಅವು ಸಾಮಾನ್ಯರ ಕೈಗೆ ಸಿಕ್ಕುವುದೇ ಕಷ್ಟವಾಗಿತ್ತು. ರಕ್ಷಣೆಯ ಕಾರಣದಿಂದ ಗಡಿ, ಕರಾವಳಿಗಳ ನಕ್ಷೆಗಳ ಮೇಲೆ ದೀರ್ಘ ಕಾಲ ನಿರ್ಬಂಧವಿತ್ತು. ಎಲ್ಲರಿಗೂ ಸಿಗುವ ಪ್ರತ್ಯೇಕ ಮಾಲೆ ಬೇಕೆಂದು ಒಪ್ಪಿದ್ದು 2005ರ ರಾಷ್ಟ್ರೀಯ ನಕ್ಷೆ ನೀತಿ. ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿದ್ದು 2021ರ ಫೆಬ್ರವರಿಯ ಮಾರ್ಗಸೂಚಿ. ಸರ್ಕಾರ ಒಳ್ಳೆಯ ನಕ್ಷೆಗಳನ್ನು ಬೀರುವಿನಲ್ಲಿಟ್ಟು ಕಾಯುತ್ತಿದ್ದ ವರ್ಷಗಳಲ್ಲಿ ಗೂಗಲ್ಲಿನ ನಕ್ಷೆ ಫೋನಿನೊಳಗೆ ಬಂದು ಕುಳಿತಿತು.

ಆ ಹೊತ್ತಿಗೆ ಲ್ಯಾಂಬ್ಟನ್ನನ ತ್ರಿಕೋನಗಳೂ ಆಕಾಶಕ್ಕೆ ಏರಿದ್ದವು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತ ಬರಲು ಹಿಡಿದ ಸಮಯದಿಂದ ಫೋನು ತನ್ನ ಜಾಗವನ್ನು ಲೆಕ್ಕ ಹಾಕುತ್ತದೆ. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅಮೆರಿಕ ಮೊದಲು ಬೇಕೆಂದೇ ಕೆಡಿಸುತ್ತಿತ್ತು. ನೂರು ಮೀಟರ್ ಆಚೀಚೆಯಾಗುತ್ತಿತ್ತು. 2000ದ ಮೇ 2ರಂದು ಅದು ನಿಂತಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೊ 2013ರಿಂದ 2016ರವರೆಗೆ ತನ್ನದೇ ಏಳು ಉಪಗ್ರಹಗಳನ್ನು ಹಾರಿಸಿ ‘ನಾವಿಕ್’ ವ್ಯವಸ್ಥೆಯನ್ನು ಕಟ್ಟಿತು. ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಉಳಿದದ್ದು ಹೇಗೆ ಎಂಬ ಪ್ರಶ್ನೆ. ಫೋನಿಗೆ ದಾರಿಯೆಂದರೆ ಒಂದು ಬಲೆ: ಗಂಟುಗಳು, ಗಂಟಿಗೆ ಗಂಟು ಕಟ್ಟುವ ದಾರಗಳು. ಒಂದೊಂದು ದಾರಕ್ಕೂ ಒಂದು ಬೆಲೆ. ಒಟ್ಟು ಬೆಲೆ ಕಡಿಮೆಯಾಗುವಂತೆ ಈ ತುದಿಯಿಂದ ಆ ತುದಿಗೆ ಹೋಗುವ ಬಗೆಯನ್ನು ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ. ಆಮ್‌ಸ್ಟರ್‌ಡ್ಯಾಮಿನ ಕಾಫಿ ಹೋಟೆಲಿನಲ್ಲಿ ಕುಳಿತು ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದೆಂದು ಅವನೇ ಹೇಳಿಕೊಂಡಿದ್ದಾನೆ. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಚಾನಲ್ ಏರಿಗೆ ರಸ್ತೆಯ ಬೆಲೆ ಕಟ್ಟಿದ್ದರೆ ಲೆಕ್ಕ ತಾನೇ ಏನು ಮಾಡೀತು? ಬೆಲೆ ತಿದ್ದುವುದಕ್ಕೆ ನಕ್ಷೆಯ ಕಂಪನಿಗಳು ಬಹಳಷ್ಟು ನೆಚ್ಚಿಕೊಂಡಿರುವುದು ಓಡಾಡುವ ಫೋನುಗಳನ್ನು. ಹೆದ್ದಾರಿಯಲ್ಲಿ ಸಾವಿರಾರು ಫೋನುಗಳು ಓಡುತ್ತವೆ, ಅಲ್ಲಿ ನಕ್ಷೆ ಬುದ್ಧಿವಂತ. ದಿನಕ್ಕೆ ನಾಲ್ಕು ಟ್ರ್ಯಾಕ್ಟರ್, ಹತ್ತು ಬೈಕು ಹೋಗುವ ಕಡೆ ಅದಕ್ಕೆ ಪಾಠ ಹೇಳುವವರೇ ಇಲ್ಲ. ಸೈಕಲ್ಲಿನವನು ಹುಡುಕಿಕೊಂಡು ಹೋಗುವುದು ಸರಿಯಾಗಿ ಅಂಥ ದಾರಿಗಳನ್ನೇ. ಕಾರಿನವನು ಹತ್ತು ಕಿಲೋಮೀಟರ್ ತಪ್ಪಿದರೆ ಹತ್ತು ನಿಮಿಷ ಹೋಯಿತು. ಸೈಕಲ್ಲಿನವನಿಗೆ ಹೋದದ್ದು ಮುಕ್ಕಾಲು ಗಂಟೆ, ಕುಡಿಯುವ ನೀರು, ಹಗಲಿನ ಬೆಳಕು.

ಹೆಸರಿನ ತೊಡಕು ಇನ್ನೊಂದು. ಹೊಸಹಳ್ಳಿ, ಬಸವನಹಳ್ಳಿಗಳು ರಾಜ್ಯದಲ್ಲಿ ಎಷ್ಟಿವೆಯೋ! ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಳಕಾರ ಲಕಾರವಾಗುತ್ತದೆ, ಕೆರೆಗೂ ಕೇರಿಗೂ ಭೇದ ಕಾಣದಂತಾಗುತ್ತದೆ. ಗಡಿಗಳೂ ಸುಮ್ಮನಿರುವುದಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಹೊನ್ನಾಳಿಯಿಂದ ಒಡೆದು ನ್ಯಾಮತಿ ತಾಲ್ಲೂಕಾಯಿತು. ಊರು ಕದಲದೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗಿದೆ.

ಕೆಸರಿನಲ್ಲಿ ಸೈಕಲ್ ಹೊತ್ತು ನಡೆಯುವುದು ನಗುವ ವಿಷಯವಾಗಬಹುದು. ಎಲ್ಲ ಸಲವೂ ಅದು ನಗುವಲ್ಲಿಗೆ ಮುಗಿಯುವುದಿಲ್ಲ. 2024ರ ಜೂನಿನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ ನಸುಕಿನ ಕತ್ತಲಲ್ಲಿ ಗೂಗಲ್ ನಕ್ಷೆ ನೋಡಿಕೊಂಡು ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರ ಕಾರು ತುಂಬಿ ಹರಿಯುತ್ತಿದ್ದ ಹೊಳೆಗೆ ಇಳಿಯಿತು. ತಡೆಗೋಡೆಯಿಲ್ಲದ ಸೇತುವೆಯ ಮೇಲೆ ನೀರು ನಿಂತಿತ್ತು. ಕೊಚ್ಚಿಹೋದವರು ಮರ ಹಿಡಿದು ಬದುಕಿದರು. ಅದೇ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ರಾಮಗಂಗಾ ಸೇತುವೆಯಿಂದ ಕಾರು ಉರುಳಿ ಮೂವರು ಸತ್ತರು. ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟ ಕುಟುಂಬವೊಂದು ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಸಿಲುಕಿ ಇರುಳು ಕಳೆಯಿತು; ಫೋನಿನ ಸಿಗ್ನಲ್ ಹುಡುಕಿಕೊಂಡು ನಡೆದು 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಹೊರಗೆ ತಂದರು. ಈ ಮೂರರಲ್ಲಿ ಒಂದರಲ್ಲೂ ಫೋನು ಜಾಗ ತಪ್ಪಿರಲಿಲ್ಲ. ಸೇತುವೆ ಮುರಿದಿದೆ, ಹೊಳೆ ಏರಿದೆ, ದಾರಿ ಕಾಡಿನೊಳಗೆ ಸವೆದುಹೋಗುತ್ತದೆ ಎಂಬುದನ್ನು ಸುತ್ತಲಿನ ಊರಿನವರು ಬಲ್ಲರು. ಅದನ್ನು ನಕ್ಷೆಗೆ ಮುಟ್ಟಿಸುವ ಹೊಣೆ ಯಾರ ಮೇಲೂ ಇಲ್ಲ. ಬರೇಲಿಯಲ್ಲಿ ಲೋಕೋಪಯೋಗಿ ಎಂಜಿನಿಯರುಗಳ ಮೇಲೆ ಮೊಕದ್ದಮೆ ಹೂಡಿದರು. ಸೇತುವೆಯ ಮುಂದೆ ಅಡ್ಡ ಕಟ್ಟಿದ್ದರೆ ನಕ್ಷೆ ಏನು ಹೇಳಿದರೂ ಮೂರು ಜೀವ ಉಳಿಯುತ್ತಿತ್ತೆಂಬುದು ಸುಳ್ಳಲ್ಲ.

ಅನುಭವಸ್ಥ ಸವಾರರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. 200ರಿಂದ 600 ಕಿಲೋಮೀಟರುಗಳ ‘ಬ್ರೆವೆ’ ಸವಾರಿಗಳಲ್ಲಿ ದಾರಿಯ ಚೀಟಿ ಕೊಡುವ ಪದ್ಧತಿಯಿದೆ. ಎಷ್ಟನೇ ಕಿಲೋಮೀಟರಿನಲ್ಲಿ ಯಾವ ಗುರುತು, ಎಡಕ್ಕೋ ಬಲಕ್ಕೋ ಎಂಬ ಸಾಲುಗಳು. ಓಗಿಲ್ಬಿಯ ಪಟ್ಟಿಯೇ ಮತ್ತೆ ಬಂದಂತೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಅದರಲ್ಲಿ ದಾರಿಯ ಮೈ ಡಾಂಬರೋ, ಜಲ್ಲಿಯೋ, ಮಣ್ಣೋ ಎಂದು ಬರೆಯಲು ಜಾಗವಿದೆ. ಊರಿನ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. ಆರಂಭದ ದಿನಗಳಲ್ಲಿ ಜಿಪಿಎಸ್ ಹೊತ್ತು ಅದಕ್ಕೆ ದಾರಿ ಕೂಡಿಸಿದವರಲ್ಲಿ ಸೈಕಲ್ ಸವಾರರು ಬಹಳ ಮಂದಿ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ನಿಂತ ನೆಲದ ಸರ್ವೆ ನಂಬರು ಬೆರಳ ತುದಿಯಲ್ಲಿ ಸಿಗುತ್ತದೆ. ಹಳೆಯ ಗ್ರಾಮನಕ್ಷೆ ಹೀಗೆ ಜೇಬಿಗೆ ಬಂದಿದೆ.

ಆದರೆ ತಿದ್ದಲು ಕುಳಿತವನಿಗೆ ಹಳ್ಳಿಯಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ನಕ್ಷೆ ಮೊದಲು ರಸ್ತೆಯ ಹೆಸರು ಕೇಳುತ್ತದೆ. ಗೋವಿನಕೋವಿಯಲ್ಲಿ ನಿಂತವರಿಗೆ ಅದು ಹೊನ್ನಾಳಿ ರಸ್ತೆ. ಅದೇ ರಸ್ತೆಯ ಆ ತುದಿಯಲ್ಲಿ, ಹೊನ್ನಾಳಿಯಲ್ಲಿ ನಿಂತವರಿಗೆ ಅದು ಗೋವಿನಕೋವಿ ರಸ್ತೆ. ನಡುವಿನ ಊರಿನವರಿಗೆ ಅದು ಬರೀ ‘ರೋಡು’.